ಹದಿನೈದನೆಯವನು

ನಾಣ್ಯ ಮೇಲಕ್ಕೆ ಹಾರಿದಾಗ ರಾಗ್ನಾ ಉಲ್ವೆಸ್ಟಾಡ್ ಕಣ್ಣು ಮುಚ್ಚಿಕೊಂಡಳು.

ನಲವತ್ತೆರಡು ವರ್ಷದ ಹೆಂಗಸು. ಮಂಜು ಹೆಪ್ಪುಗಟ್ಟಿದ ರಸ್ತೆಯಲ್ಲಿ ದಿನಾ ನಲವತ್ತು ಮಕ್ಕಳನ್ನು ತುಂಬಿಕೊಂಡು ಸ್ಕೂಲ್ ಬಸ್ ಓಡಿಸುವವಳು. ಅಂಥವಳು ಇಪ್ಪತ್ತೈದು ಸೆಂಟಿನ ಒಂದು ಬಿಲ್ಲೆಗೆ ಹೆದರಿ ಕಣ್ಣು ಮುಚ್ಚುವುದೆಂದರೆ ಅವಳಿಗೇ ನಾಚಿಕೆ. ಆದರೂ ರೆಪ್ಪೆಗಳು ಮಾತು ಕೇಳಲಿಲ್ಲ.

ಅದು ಅಯೋವಾದ ಹೆಲ್ಮರ್ ಎಂಬ ಊರು, ಜನವರಿಯ ಕೊನೆಯ ಸೋಮವಾರದ ಸಂಜೆ. ಅಗ್ನಿಶಾಮಕ ಠಾಣೆಯ ಗಾಡಿಯನ್ನು ಹೊರಗೆ ಹಿಮದಲ್ಲಿ ನಿಲ್ಲಿಸಿ, ಒಳಗೆ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯನ್ನು ಆರಿಸಲು ಸೇರಿದ್ದ ಊರಿನವರು ತಮಗೆ ಬೇಕಾದವರ ಹೆಸರಿನಲ್ಲಿ ಮೂಲೆ ಮೂಲೆಗೆ ಗುಂಪಾಗಿ ನಿಂತಿದ್ದರು. ಗವರ್ನರ್ ಟ್ಯಾಲಿಸ್ ಅವರ ಮೂಲೆಯಲ್ಲಿದ್ದವರು ಇಪ್ಪತ್ತೆರಡು ಜನ. ಮಾರ್ಚ್ ತಿಂಗಳ ಕೌಂಟಿ ಸಮಾವೇಶಕ್ಕೆ, ಅಂದರೆ ಇಡೀ ಜಿಲ್ಲೆಯ ಸಭೆಗೆ, ಅವರ ಪರವಾಗಿ ಹೋಗಬೇಕಾದ ಪ್ರತಿನಿಧಿ ಒಬ್ಬರೇ. ಹನ್ನೊಂದು ಕೈ ರಾಗ್ನಾಗೆ ಎದ್ದವು, ಹನ್ನೊಂದು ಲ್ಯಾಂಬರ್ಟ್ ಕುಚೇರಾಗೆ. ಸಮ ಬಂದರೆ ಇಲ್ಲಿ ನಾಣ್ಯವೇ ತೀರ್ಪು. ರಾಗ್ನಾ ಹೆಡ್ಸ್ ಕೇಳಿದ್ದಳು, ಲ್ಯಾಂಬರ್ಟ್ ಟೇಲ್ಸ್.

ನಲವತ್ತು ವರ್ಷದಿಂದ ಈ ಸಭೆ ನಡೆಸುತ್ತಿದ್ದ ಮಿಸೆಸ್ ಬಾಕೆ ಸೊಂಟ ಹಿಡಿದುಕೊಂಡು ಬಗ್ಗಿದರು. ವಯಸ್ಸು ಎಪ್ಪತ್ತೊಂಬತ್ತು, ಎರಡೂ ಕಣ್ಣಿಗೆ ಪೊರೆ.

"ಮನುಷ್ಯ ಕಾಣ್ತಿದ್ದಾನೆ. ಹೆಡ್ಸ್. ರಾಗ್ನಾ ಡೆಲಿಗೇಟು, ಲ್ಯಾಂಬರ್ಟ್ ಬದಲಿ. ಆಯ್ತು, ಕಾಫಿ ಕುಡೀರಿ."

ರಾಗ್ನಾ ಕಣ್ಣು ಬಿಟ್ಟಾಗ ಲ್ಯಾಂಬರ್ಟ್ ಆಗ ತಾನೇ ನೆಲ ನೋಡಿ ತಲೆ ಎತ್ತುತ್ತಿದ್ದ. ಅವನ ನೋಟ ಅವಳ ಮುಖದ ಮೇಲೆ ಬಂದು ಸ್ವಲ್ಪ ಹೊತ್ತು ಅಲ್ಲೇ ಉಳಿಯಿತು.

"ಒಳ್ಳೇದಾಯ್ತು," ಎಂದ.

ಅಷ್ಟೇ. ಮಂಗಳವಾರ ಮಂಗಳವಾರ ದನದ ಹರಾಜಿನಲ್ಲಿ ಉಸಿರು ಬಿಡದೆ ಮುನ್ನೂರು ರಾಸು ಕೂಗಿ ಮಾರುವ ಗಂಡಸು ಅವನು. ಕಟಕಟೆಯಿಂದ ಕೆಳಗಿಳಿದರೆ ಬಾಯಿಗೆ ಬೀಗ. ರಾಗ್ನಾ ಎದುರಿಗಿದ್ದರಂತೂ ಆ ಬೀಗದ ಕೀಲಿಯೂ ಕಳೆದುಹೋಗುತ್ತಿತ್ತು.

ಅವಳಿಗೂ ಅವನಿಗೂ ಪರಿಚಯವಾದದ್ದೇ ಆ ಹರಾಜಿನಲ್ಲಿ. ಆರು ವರ್ಷದ ಹಿಂದೆ ಅವಳು ಸುಮ್ಮನೆ ನೋಡಲೆಂದು ಹೋಗಿ ಕುಳಿತಿದ್ದಳು. ಹಣೆಗೆ ಬಿದ್ದ ಕೂದಲನ್ನು ಸರಿಸಿದಳು. ಅಷ್ಟಕ್ಕೆ, ಅದನ್ನು ಬೆಲೆಗೆ ಎತ್ತಿದ ಕೈ ಎಂದುಕೊಂಡು, ಅವನು "ನೀಲಿ ಕೋಟಿನವರಿಗೆ ಮಾರಾಯ್ತು" ಎಂದು ಒಂದು ಟಗರನ್ನು ಅವಳ ತಲೆಗೆ ಕಟ್ಟಿದ. ಅವಳು ಕೆಂಪಾಗಿ ಎದ್ದು ನಿಂತು, ನಾನು ಕೂದಲು ಸರಿಸಿದ್ದು ಸ್ವಾಮಿ, ಎಂದಾಗ ಇಡೀ ಕೊಟ್ಟಿಗೆ ನಕ್ಕಿತು. ಅವನು ನಗಲಿಲ್ಲ. "ತಪ್ಪು ನಂದು, ರದ್ದು," ಎಂದ. ತನ್ನ ಇಡೀ ಕಸುಬಿನಲ್ಲಿ ಅವನು ರದ್ದು ಮಾಡಿದ ಹರಾಜು ಅದೊಂದೇ. ಅಂದಿನಿಂದ ಅವಳ ಬಸ್ಸು ಹರಾಜು ಕೊಟ್ಟಿಗೆಯ ಗೇಟು ದಾಟುವಾಗಲೆಲ್ಲ ಅವನು ಟೋಪಿ ಎತ್ತುತ್ತಿದ್ದ, ಅವಳು ಒಂದೇ ಒಂದು ಸಲ ಹಾರ್ನ್ ಒತ್ತುತ್ತಿದ್ದಳು. ಆರು ವರ್ಷ ಇಷ್ಟೇ ನಡೆಯಿತು. ಈ ವೇಗಕ್ಕೆ ಬಸವನಹುಳುವಿಗೂ ಬೇಸರ ಬಂದೀತು.

ನಾಣ್ಯ ಚಿಮ್ಮಿಸಿದ ಒಂಬತ್ತನೆಯ ದಿನ ಗವರ್ನರ್ ಟ್ಯಾಲಿಸ್ ಕಣದಿಂದ ಹಿಂದೆ ಸರಿದರು. ಟಿವಿಯಲ್ಲಿ ಕಣ್ಣೊರೆಸಿಕೊಂಡು, ಎಲ್ಲರಿಗೂ ಥ್ಯಾಂಕ್ಸ್ ಹೇಳಿ, ಗಂಡನ ಕೈ ಹಿಡಿದು ಹೊರಟರು.

ಮರುದಿನ ಬೆಳಗ್ಗೆ ರಾಗ್ನಾಳ ಮನೆಯ ಫೋನು ಹೊಡೆದುಕೊಳ್ಳಲು ಶುರುವಾಯಿತು. ಉಳಿದಿದ್ದ ಅಭ್ಯರ್ಥಿಗಳು ಇಬ್ಬರು, ಸೆನೆಟರ್ ಕ್ರೇನ್ ಮತ್ತು ಮೇಯರ್ ಬೆಲ್ಟನ್. ಇಬ್ಬರ ಕಡೆಯವರಿಗೂ ಕೌಂಟಿಯ ಊರೂರುಗಳಿಂದ ಟ್ಯಾಲಿಸ್ ಪರ ಆಯ್ಕೆಯಾಗಿದ್ದ ಹದಿನೇಳು ಪ್ರತಿನಿಧಿಗಳು ಬೇಕಾಗಿದ್ದರು, ಯಜಮಾನ ಇಲ್ಲದ ಅಂಗಡಿಯ ಸಾಮಾನಿನಂತೆ.

ಸಂಜೆ ಬಾಗಿಲು ತಟ್ಟಿದವನು ಲ್ಯಾಂಬರ್ಟ್. ಕೈಯಲ್ಲಿ ಗಸಗಸೆ ತುಂಬಿದ ಕೊಲಾಚಿ ಬನ್ನುಗಳ ತಟ್ಟೆ.

"ಅಮ್ಮ ಮಾಡಿದ್ದು," ಎಂದ. ಆಮೇಲೆ ಕಾಲಲ್ಲಿದ್ದ ಹಿಮವನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ಒದರಿದ. "ನಾವು ಇನ್ನೂ ಇದ್ದೀವಲ್ವಾ?"

"ಯಾವ ನಾವು?" ಎಂದಳು ರಾಗ್ನಾ, ಬೇಕೆಂದೇ.

ಅವನ ಕಿವಿ ಕೆಂಪಾಯಿತು. "ಟ್ಯಾಲಿಸ್‌ನವರು."

"ಓ, ಅವರಾ. ನಾನಂತೂ ಇದ್ದೀನಿ. ಒಳಗೆ ಬನ್ನಿ, ಬಾಗಿಲಲ್ಲಿ ನಿಂತ್ರೆ ಮನೆ ತಣ್ಣಗಾಗತ್ತೆ."

ಅವಳು ಯಾಕೆ ಇದ್ದಾಳೆಂದು ಅವನಿಗೆ ಹೇಳಬೇಕಾಗಿರಲಿಲ್ಲ. ಹಿಂದಿನ ಅಕ್ಟೋಬರಿನಲ್ಲಿ ಗವರ್ನರ್ ಇದೇ ಅಡುಗೆಮನೆಗೆ ಬಂದಾಗ, ಕೇಳಲು ಸೇರಿದ್ದ ಹನ್ನೊಂದು ಜನರಲ್ಲಿ ಅವನೂ ಇದ್ದ. ರಾಗ್ನಾಳ ತಾಯಿ ಬೋರ್ಗಿಲ್ಡ್‌ಗೆ ಪಾರ್ಶ್ವವಾಯು ಹೊಡೆದು ಮಾತು ಬಿದ್ದುಹೋಗಿತ್ತು. ಆದರೂ ಆಕೆ ಕೈ ಎತ್ತಿದರು. ಒಂದು ಶಬ್ದ ಬರಲು ಅರ್ಧ ನಿಮಿಷ. ಗವರ್ನರ್ ಕಡೆಯವನೊಬ್ಬ ಗಡಿಯಾರ ತಟ್ಟಿ ತೋರಿಸಿದ. ಯಾರೋ ಪುಣ್ಯಾತ್ಮರು ವಾಕ್ಯವನ್ನು ತಾವೇ ಮುಗಿಸಲು ಹೋದರು. ಗವರ್ನರ್ ಅಂಗೈ ಎತ್ತಿ ಅವರನ್ನು ತಡೆದು, ನಾಲ್ಕು ನಿಮಿಷ ಅಮ್ಮನ ತುಟಿಯನ್ನೇ ನೋಡುತ್ತ ಕುಳಿತರು. "ನಮ್ಮ ಆಸ್ಪತ್ರೆಯಲ್ಲಿ ಹೆರಿಗೆ ವಾರ್ಡು ಮುಚ್ಚಿದ್ದಾರೆ. ಬಸುರಿಯರು ಹಿಮದಲ್ಲಿ ಅರವತ್ತು ಮೈಲಿ ಹೋಗ್ತಾರೆ." ಅಮ್ಮ ಪೂರ್ತಿ ಹೇಳಿದರು. ನವೆಂಬರಿನಲ್ಲಿ ತೀರಿಕೊಂಡರು.

ಆ ಮಾತನ್ನು ಕೌಂಟಿ ಸಮಾವೇಶದಲ್ಲಿ ಮಂಡಿಸಿ ಪಕ್ಷದ ನಿರ್ಣಯಗಳಲ್ಲಿ ಸೇರಿಸಬೇಕು ಎಂಬುದು ರಾಗ್ನಾಳ ಹಟ. ಅದಕ್ಕೆ ಗುಂಪು ಉಳಿಯಬೇಕು. ಸಮಾವೇಶಕ್ಕೆ ಬರುವ ಪ್ರತಿನಿಧಿಗಳು ನೂರು. ನೂರಕ್ಕೆ ಹದಿನೈದು ಜನ ಒಟ್ಟಿಗೆ ನಿಂತರೆ ಮಾತ್ರ ಅದು ಗುಂಪು, ಅದಕ್ಕೆ ಮೈಕು. ಹದಿನಾಲ್ಕಾದರೆ ಗುಂಪು ಒಡೆದು ಬೇರೆಯವರ ಮೂಲೆಗೆ ಹೋಗಬೇಕು.

ಹಾಗಾಗಿ ಆರು ವಾರ ಅವರಿಬ್ಬರೂ ಅಡುಗೆಮನೆಯ ಮೇಜಿನ ಎರಡು ಕಡೆ ಕುಳಿತು ಉಳಿದ ಹದಿನಾರು ಜನಕ್ಕೆ ಫೋನು ಮಾಡಿದರು. ಅವನು ನಂಬರು ಒತ್ತಿ ಕೊಡುತ್ತಿದ್ದ, ಅವಳು ಮಾತಾಡುತ್ತಿದ್ದಳು.

"ನೀವೂ ಒಂದು ಮಾಡಿ ನೋಡೋಣ."

"ನಾನು ಮಾಡಿದ್ರೆ ಅವರು ಹಸು ಎಷ್ಟಕ್ಕೆ ಅಂತ ಕೇಳ್ತಾರೆ."

"ಕೇಳಲಿ. ನಮ್ಮಲ್ಲೇ ಉಳಿದರೆ ಒಂದು ಹಸು ಫ್ರೀ ಅನ್ನಿ."

ಅವನು ನಕ್ಕ. ನಕ್ಕಾಗ ಅವನ ಎಡಗಣ್ಣು ಬಲಗಣ್ಣಿಗಿಂತ ಮೊದಲು ಕಿರಿದಾಗುತ್ತಿತ್ತು. ರಾಗ್ನಾ ಅದನ್ನು ಫೆಬ್ರವರಿಯ ಎರಡನೆಯ ಬುಧವಾರ ಗಮನಿಸಿದಳು. ಆಮೇಲೆ ಅದನ್ನು ಇನ್ನೊಮ್ಮೆ ನೋಡಲೆಂದೇ ಏನಾದರೊಂದು ತಮಾಷೆ ಹುಡುಕುವಂತಾಯಿತು. ಅವನು ಹೋದ ಮೇಲೆ ಅವನ ಕಪ್ಪನ್ನು ತಕ್ಷಣ ತೊಳೆಯುತ್ತಿರಲಿಲ್ಲ. ಅಮ್ಮನಿಲ್ಲದ ಮನೆಯಲ್ಲಿ ಎರಡು ಕಪ್ಪು ಇರುವುದು ಅವಳಿಗೆ ಇಷ್ಟವಾಗಿತ್ತು.

ಮಾರ್ಚ್ ಹೊತ್ತಿಗೆ ಇಬ್ಬರು ಕೈಬಿಟ್ಟರು, ಒಬ್ಬ ಮೇಯರ್ ಕಡೆಗೆ, ಒಬ್ಬಳು ಸೆನೆಟರ್ ಕಡೆಗೆ. ಉಳಿದವರು ಸರಿಯಾಗಿ ಹದಿನೈದು.

ಸಮಾವೇಶಕ್ಕೆ ಎರಡು ದಿನ ಮುಂಚೆ, ಗುರುವಾರ, ಮಕ್ಕಳನ್ನು ಇಳಿಸಿ ಬರುತ್ತಿದ್ದ ರಾಗ್ನಾ ಊರ ಹೋಟೆಲಿನ ಕಿಟಕಿಯಲ್ಲಿ ಲ್ಯಾಂಬರ್ಟ್‌ನನ್ನು ಕಂಡಳು. ಎದುರಿಗೆ ಕುಳಿತವಳು ಪೇಜ್ ಡೆಲಿಂಜರ್. ಸೆನೆಟರ್ ಕ್ರೇನ್ ಪರವಾಗಿ ಕೌಂಟಿಯೆಲ್ಲ ಸುತ್ತುತ್ತಿದ್ದ, ಮೂವತ್ತರ ಆಸುಪಾಸಿನ ಚೆಂದದ ಹೆಂಗಸು. ಇಬ್ಬರ ಮುಂದೆ ಸೇಬಿನ ಪೈ. ಲ್ಯಾಂಬರ್ಟ್ ನಗುತ್ತಿದ್ದ. ಎಡಗಣ್ಣು ಮೊದಲು, ಬಲಗಣ್ಣು ಆಮೇಲೆ. ಎದ್ದು ಅವಳ ಕೈ ಕುಲುಕಿದ. ಅವಳು ಬಟ್ಟೆ ಮುಚ್ಚಿದ ಒಂದು ಗಾಜಿನ ಡಬ್ಬಿಯನ್ನು ಅವನ ಕೈಗೆ ಕೊಟ್ಟಳು.

ಹಿಂದಿದ್ದ ಲಾರಿಯವನು ಹಾರ್ನ್ ಒತ್ತಿದಾಗಲೇ ರಾಗ್ನಾಗೆ ತಾನು ಬಸ್ಸನ್ನು ನಡುರಸ್ತೆಯಲ್ಲಿ ನಿಲ್ಲಿಸಿದ್ದೇನೆಂದು ತಿಳಿದದ್ದು.

ಅವನು ಬದಲಿ, ಅವನಿಗೆ ಓಟಿಲ್ಲ, ಎಲ್ಲಿ ಬೇಕಾದರೂ ಪೈ ತಿನ್ನಲಿ, ಎಂದುಕೊಂಡಳು. ಸಂಜೆ ಪೇಜ್ ಫೋನು ಮಾಡಿ, "ನಿಮ್ಮ ಗುಂಪಿನವರೇ ಕೆಲವರು ನಮ್ಮ ಜೊತೆ ತುಂಬಾ ಪ್ರೀತಿಯಿಂದ ಮಾತಾಡ್ತಿದಾರೆ, ರಾಗ್ನಾ. ನೀವೊಬ್ಬರೇ ಯಾಕೆ ಒದ್ದಾಡ್ತೀರಿ?" ಎಂದಳು. ಆ ದಿನ ರಾಗ್ನಾ ಎರಡೂ ಕಪ್ಪುಗಳನ್ನು ತಿಕ್ಕಿ ತಿಕ್ಕಿ ತೊಳೆದು ಕಪಾಟಿನಲ್ಲಿಟ್ಟಳು. ಶುಕ್ರವಾರ ಅವನು ಟೋಪಿ ಎತ್ತಿದಾಗ ಹಾರ್ನ್ ಒತ್ತಲಿಲ್ಲ.

ಶನಿವಾರ ಬೆಳಗ್ಗೆ ಹೈಸ್ಕೂಲಿನ ಬ್ಯಾಸ್ಕೆಟ್‌ಬಾಲ್ ಅಂಗಣದಲ್ಲಿ ಸಮಾವೇಶ. ಪ್ರತಿನಿಧಿಗಳಿಗೆ ಹಸಿರು ಬ್ಯಾಡ್ಜು, ನೆಲದ ಮೇಲೆ ಜಾಗ. ಬದಲಿಗಳಿಗೆ ಹಳದಿ ಬ್ಯಾಡ್ಜು, ಮೇಲೆ ಮರದ ಮೆಟ್ಟಿಲುಗಳಲ್ಲಿ ಕೂರಬೇಕು. ಹತ್ತು ಗಂಟೆಗೆ ಹಾಜರಿ ಬಂದ್.

ಒಂಬತ್ತು ಮುಕ್ಕಾಲಿಗೆ ಮಿಸೆಸ್ ಬಾಕೆ ಬಂದರು. ಮುಖದಲ್ಲಿ ಕನ್ನಡಕವಿಲ್ಲ, ಕೈಯಲ್ಲಿ ಒಂದು ಲಕೋಟೆ.

"ಮಗಳೇ, ಫೆಬ್ರವರಿಯಲ್ಲಿ ನನಗೆ ಪೊರೆ ತೆಗೆದ್ರು ಗೊತ್ತಲ್ಲ? ಈಗ ಸೊಳ್ಳೆ ಕಾಲೂ ಕಾಣತ್ತೆ. ನಿನ್ನೆ ಸಭೆಯ ಕಾಗದಗಳನ್ನೆಲ್ಲ ಜೋಡಿಸ್ತಿದ್ದೆ." ಲಕೋಟೆಯಿಂದ ಒಂದು ಹಾಳೆ ತೆಗೆದರು. ಎಣಿಕೆಯ ಹಾಳೆ. ಅದಕ್ಕೆ ಆ ದಿನದ ನಾಣ್ಯವನ್ನು ಟೇಪು ಹಾಕಿ ಅಂಟಿಸಿದ್ದರು, ಬಿದ್ದ ಹಾಗೆಯೇ. ಮಿಸೆಸ್ ಬಾಕೆ ಏನನ್ನೂ ಎಸೆದವರಲ್ಲ. "ನೋಡು."

ರಾಗ್ನಾ ನೋಡಿದಳು. ಮನುಷ್ಯನಿದ್ದ, ನಿಜ. ಆದರೆ ಕುದುರೆಯ ಮೇಲಿದ್ದ. ಒಂದೊಂದು ರಾಜ್ಯಕ್ಕೆ ಒಂದೊಂದು ಚಿತ್ರ ಹಾಕಿ ಹೊರಡಿಸಿದ ನಾಣ್ಯಗಳಲ್ಲಿ ಅದೊಂದು. ತಲೆ ಇರುವ ಬದಿ ಹಾಳೆಗೆ ಅಂಟಿತ್ತು.

"ಟೇಲ್ಸ್," ಎಂದರು ಮಿಸೆಸ್ ಬಾಕೆ. "ಮಂಜು ಕಣ್ಣಿಗೆ ಮನುಷ್ಯ ಕಂಡ, ಕುದುರೆ ಕಾಣಲಿಲ್ಲ. ಡೆಲಿಗೇಟ್ ಅವನು, ನೀನು ಬದಲಿ. ನಾನು ಇದನ್ನ ಹೇಳದೇ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ. ಆದರೆ ನಲವತ್ತು ವರ್ಷ ನಾನು ತಪ್ಪು ಲೆಕ್ಕ ಬರೆದಿಲ್ಲ."

ರಾಗ್ನಾ ಲೆಕ್ಕ ಹಾಕಿದಳು. ಹಸಿರು ಬ್ಯಾಡ್ಜು ಅವನಿಗೆ ಹೋದರೆ, ಅವನು ಸೆನೆಟರ್ ಮೂಲೆಗೆ ಹೋದರೆ, ಟ್ಯಾಲಿಸ್ ಗುಂಪು ಹದಿನಾಲ್ಕು. ಅಮ್ಮ ನಾಲ್ಕು ನಿಮಿಷ ಒದ್ದಾಡಿ ಹೇಳಿದ ಮಾತು ಇಲ್ಲಿಗೆ ಮುಗಿಯಿತು.

"ಹತ್ತು ಗಂಟೆ ಆದಮೇಲೆ ಹೇಳಬಹುದಿತ್ತಲ್ಲ," ಎಂದಳು ಮೆಲ್ಲಗೆ.

"ಹೇಳಬಹುದಿತ್ತು," ಎಂದರು ಮಿಸೆಸ್ ಬಾಕೆ. "ನಿಮ್ಮಮ್ಮ ಇದ್ದಿದ್ರೆ ಬಿಡ್ತಿದ್ಲಾ?"

ಬಿಡುತ್ತಿರಲಿಲ್ಲ. ರಾಗ್ನಾ ಬ್ಯಾಡ್ಜು ಬಿಚ್ಚಿಕೊಂಡು ಮೆಟ್ಟಿಲು ಹತ್ತಿದಳು.

ಲ್ಯಾಂಬರ್ಟ್ ಮೇಲಿನ ಸಾಲಿನಲ್ಲಿ ಒಬ್ಬನೇ ಕುಳಿತಿದ್ದ, ತೊಡೆಯ ಮೇಲೆ ಆ ಗಾಜಿನ ಡಬ್ಬಿ. ಅದರ ಅಂಚಿಗೆ ಹಚ್ಚಿದ ಟೇಪಿನ ಮೇಲೆ ಪೇಜ್ ಎಂದು ಬರೆದದ್ದು ಕಾಣುತ್ತಿತ್ತು. ಅವಳನ್ನು ನೋಡಿ ಎದ್ದು ನಿಂತ.

"ನಿನ್ನೆ ಹಾರ್ನ್ ಕೇಳಿಸಲಿಲ್ಲ," ಎಂದ.

"ಕೆಟ್ಟಿತ್ತು." ಅವಳು ಬ್ಯಾಡ್ಜು ಚಾಚಿದಳು. "ಆವತ್ತು ಬಿದ್ದಿದ್ದು ಟೇಲ್ಸ್. ಸೀಟು ನಿಮ್ಮದು. ತಗೊಳ್ಳಿ."

ಅವನು ಬ್ಯಾಡ್ಜು ನೋಡಿದ, ಅವಳನ್ನು ನೋಡಿದ. "ರಾಗ್ನಾ, ಇದು ನೀವೇ ಇಟ್ಕೊಳ್ಳಿ..."

"ಬೇಡ. ನಮ್ಮದಲ್ಲದ್ದು ನಮಗೆ ಬೇಡ. ನಿಮ್ಮ ಓಟು, ನಿಮಗೆ ಎಲ್ಲಿ ಬೇಕೋ ಅಲ್ಲಿ ನಿಂತ್ಕೊಳ್ಳಿ. ನಾನು ಏನೂ ಕೇಳಲ್ಲ." ಅವನ ಹಳದಿ ಬ್ಯಾಡ್ಜನ್ನು ಕಿತ್ತುಕೊಂಡಂತೆಯೇ ತೆಗೆದುಕೊಂಡು ಬೆಂಚಿನ ಮೇಲೆ ಕುಳಿತುಬಿಟ್ಟಳು.

ಹತ್ತು ಹೊಡೆಯಿತು. ನಡೆಸುತ್ತಿದ್ದವರು ಎಲ್ಲರೂ ತಮ್ಮ ತಮ್ಮ ಮೂಲೆಗೆ ಹೋಗಿ ಎಂದರು. ಟ್ಯಾಲಿಸ್ ಮೂಲೆ ಸ್ಕೋರ್‌ಬೋರ್ಡಿನ ಕೆಳಗೆ. ರಾಗ್ನಾ ಮೇಲಿಂದ ಎಣಿಸಿದಳು. ಹದಿನಾಲ್ಕು.

ಲ್ಯಾಂಬರ್ಟ್ ಡಬ್ಬಿ ಹಿಡಿದು ನೇರವಾಗಿ ಸೆನೆಟರ್ ಕ್ರೇನ್ ಮೂಲೆಗೆ ನಡೆದ.

ಪೇಜ್ ಎರಡೂ ಕೈ ಚಾಚಿ ಬಂದಳು. ಅವನು ಡಬ್ಬಿ ಕೊಟ್ಟ. ಅವಳು ಮುಚ್ಚಿದ ಬಟ್ಟೆ ಸರಿಸಿ ಏನೋ ಹೇಳಿ ನಕ್ಕಳು. ಜೇಬಿನಿಂದ ಕ್ರೇನ್ ಸ್ಟಿಕ್ಕರ್ ತೆಗೆದು ಅವನ ಕೋಟಿಗೆ ಹಚ್ಚಲು ಹೋದಳು. ರಾಗ್ನಾಗೆ ಇನ್ನು ನೋಡಲಾಗಲಿಲ್ಲ. ಅಭ್ಯಾಸಬಲದಿಂದ ಕಣ್ಣು ಮುಚ್ಚಿಕೊಂಡಳು.

"ಕಣ್ಣು ಬಿಡು ಮಗಳೇ," ಎಂದು ಪಕ್ಕದಲ್ಲಿ ಬಂದು ಕುಳಿತಿದ್ದ ಮಿಸೆಸ್ ಬಾಕೆ ತಿವಿದರು. "ನಾನು ಕಾಸು ಕೊಟ್ಟು ಕಣ್ಣು ಮಾಡಿಸ್ಕೊಂಡಿದೀನಿ, ನೀನು ಪುಕ್ಕಟೆ ಇರೋದನ್ನ ಮುಚ್ಕೊಂಡು ಕೂರ್ತೀಯಾ?"

ಅವಳು ಕಣ್ಣು ಬಿಟ್ಟಾಗ ಸ್ಟಿಕ್ಕರ್ ಪೇಜ್‌ಳ ಬೆರಳಿಗೇ ಅಂಟಿತ್ತು. ಲ್ಯಾಂಬರ್ಟ್ ಅಂಗಣವನ್ನು ಉದ್ದಕ್ಕೂ ದಾಟಿ, ಮೇಯರ್ ಗುಂಪಿನವರು ಕರೆದರೂ ತಿರುಗದೆ, ಸ್ಕೋರ್‌ಬೋರ್ಡಿನ ಕೆಳಗೆ ಹೋಗಿ ನಿಂತ. ಹದಿನಾಲ್ಕು ಜನ ಜರುಗಿ ಅವನಿಗೆ ಜಾಗ ಮಾಡಿದರು.

ಎಣಿಸಿದರು. ಮತ್ತೊಮ್ಮೆ ಎಣಿಸಿದರು. ಹದಿನೈದು.

ಗುಂಪಿನ ನಿರ್ಣಯ ಮಂಡಿಸಲು ಯಾರಾದರೂ ಬನ್ನಿ ಎಂದು ಕರೆದಾಗ ಹದಿನಾಲ್ಕು ಜನ ಮುಖ ಮುಖ ನೋಡಿಕೊಂಡರು, ಏಕೆಂದರೆ ಆ ಕೆಲಸ ರಾಗ್ನಾಳದ್ದಾಗಿತ್ತು ಮತ್ತು ಹಳದಿ ಬ್ಯಾಡ್ಜಿನವರು ಮೈಕ್ ಮುಟ್ಟುವಂತಿಲ್ಲ. ಲ್ಯಾಂಬರ್ಟ್ ಹೋದ. ಮೈಕಿನ ಮುಂದೆ ನಿಂತು ಟೋಪಿ ತೆಗೆದ. ಹರಾಜಿನ ಅವನ ಕೂಗು ಗೊತ್ತಿದ್ದವರೆಲ್ಲ ಆಗಲೇ ಮುಸಿಮುಸಿ ನಗುತ್ತಿದ್ದರು.

"ಇದು ಬೋರ್ಗಿಲ್ಡ್ ಉಲ್ವೆಸ್ಟಾಡ್ ಹೇಳಿದ ಮಾತು," ಎಂದ. "ಅವರು ಹೇಳಿದ ಹಾಗೇ ಹೇಳ್ತೀನಿ."

ಆಮೇಲೆ ಹೇಳಿದ. ಒಂದೊಂದೇ ಶಬ್ದ, ನಡುವೆ ಅಮ್ಮ ತೆಗೆದುಕೊಂಡಷ್ಟೇ ಹೊತ್ತು ಬಿಟ್ಟು. ನಮ್ಮ. ಆಸ್ಪತ್ರೆಯಲ್ಲಿ. ಹೆರಿಗೆ ವಾರ್ಡು. ಮೊದಲು ನಗು ನಿಂತಿತು, ಆಮೇಲೆ ಕುರ್ಚಿಗಳ ಸದ್ದು ನಿಂತಿತು. ಅರವತ್ತು ಮೈಲಿ ಎನ್ನುವ ಹೊತ್ತಿಗೆ ನಾಲ್ಕು ನಿಮಿಷವಾಗಿತ್ತು, ಮತ್ತು ಯಾರೂ ಗಡಿಯಾರ ನೋಡಿರಲಿಲ್ಲ. ಸೆನೆಟರ್ ಮೂಲೆಯಲ್ಲೂ ಮೇಯರ್ ಮೂಲೆಯಲ್ಲೂ ಕೈಗಳು ಎದ್ದವು. ನಿರ್ಣಯ ಸೇರಿತು. ರಾಗ್ನಾ ಕೋಟಿನ ತೋಳಿಗೆ ಮುಖ ಒತ್ತಿ ಅತ್ತಳು. ಮಿಸೆಸ್ ಬಾಕೆ ಅವಳ ಬೆನ್ನು ಸವರುತ್ತ, ಅವರೂ ಅತ್ತರು.

ಊಟದ ಬಿಡುವಿನಲ್ಲಿ ಅವಳು ಅವನನ್ನು ಹೊರಗಿನ ಮೆಟ್ಟಿಲ ಮೇಲೆ ಹಿಡಿದಳು. ಹಿಮ ಕರಗಿ ಸೂರಿನಿಂದ ತೊಟ್ಟಿಕ್ಕುತ್ತಿತ್ತು. ಅವನು ಪೇಪರ್ ತಟ್ಟೆಯಲ್ಲಿ ಹ್ಯಾಮ್ ಸ್ಯಾಂಡ್‌ವಿಚ್ ಇಟ್ಟುಕೊಂಡು ತಿನ್ನದೆ ಕುಳಿತಿದ್ದ.

"ಆ ಡಬ್ಬಿ ಯಾಕೆ ಕೊಟ್ರಿ ಅವಳಿಗೆ?"

"ಅವಳದ್ದು. ಬಾರ್ಸ್ ತಿಂಡಿ ಮಾಡಿ ಕೊಟ್ಟಿದ್ಲು. ಡಬ್ಬಿ ವಾಪಸ್ ಕೊಡಬೇಕಲ್ಲ." ಸ್ವಲ್ಪ ತಡೆದು, "ಖಾಲಿ ಕೊಡೋದು ಹೇಗೆ ಅಂತ ಅಮ್ಮ ಕೊಲಾಚಿ ತುಂಬಿದ್ಲು," ಎಂದ.

"ಗುರುವಾರ ಹೋಟೆಲಲ್ಲಿ ನಗ್ತಿದ್ರಿ."

ಅವನು ಈಗ ಅವಳ ಕಡೆ ತಿರುಗಿದ. ಹಾರ್ನ್ ಯಾಕೆ ಕೆಟ್ಟಿತ್ತೆಂದು ಅವನಿಗೆ ಅರ್ಥವಾದಂತಿತ್ತು. "ನಮ್ಮ ಕಡೆ ಬಂದ್ರೆ ರಾಜ್ಯ ಸಮಾವೇಶದಲ್ಲಿ ನಿಮಗೆ ಮೈಕು ಕೊಡಿಸ್ತೀನಿ, ಅರ್ಧ ಗಂಟೆ ಭಾಷಣ ಮಾಡಿ ಅಂದ್ಲು. ನನಗೆ. ಅರ್ಧ ಗಂಟೆ. ನಗು ಬರಲ್ವಾ? ಆಗಲ್ಲ ತಾಯಿ ಅಂತ ಕೈ ಕುಲುಕಿ ಬಂದೆ."

ರಾಗ್ನಾ ಒಂದು ಮೆಟ್ಟಿಲು ಕೆಳಗೆ ಬಂದು ಅವನ ಪಕ್ಕ ಕುಳಿತಳು. ತೊಟ್ಟಿಕ್ಕುವ ನೀರು ಇಬ್ಬರ ಬೂಟಿನ ನಡುವೆ ಬೀಳುತ್ತಿತ್ತು.

"ಇನ್ನೊಂದು ಕೇಳ್ತೀನಿ. ಆವತ್ತು ಠಾಣೇಲಿ ನೀವು ಬಗ್ಗಿ ನಾಣ್ಯ ನೋಡಿದ್ರಿ."

ಅವನು ಸ್ಯಾಂಡ್‌ವಿಚ್ಚನ್ನು ಪರೀಕ್ಷಿಸಿದ. "ನೋಡಿದೆ."

"ಕುದುರೆ ಕಾಣಲಿಲ್ವಾ?"

"ಇಪ್ಪತ್ತು ವರ್ಷದಿಂದ ಕುದುರೆ ಮಾರ್ತಿದೀನಿ, ರಾಗ್ನಾ."

"ಮತ್ತೆ ಯಾಕೆ ಸುಮ್ನಿದ್ರಿ?"

ಅವನು ತಟ್ಟೆಯನ್ನು ಮಂಡಿಯ ಮೇಲೆ ಒಂದು ಸುತ್ತು ತಿರುಗಿಸಿದ. ಅವಳು ಕಾಯ್ದಳು. ಅವಳಿಗೆ ಯಾವ ಅವಸರವೂ ಇರಲಿಲ್ಲ.

"ನೀವು ಕಣ್ಣು ಮುಚ್ಚಿದ್ರಿ," ಎಂದ ಕೊನೆಗೆ. "ತುಟಿ ಅಲ್ಲಾಡ್ತಿತ್ತು. ನಿಮ್ಮಮ್ಮ ಆವತ್ತು ಮಾತಿಗೆ ಒದ್ದಾಡಿದ ಹಾಗೇ. ಅದನ್ನ ನೋಡಿ ನನಗೆ ಟೇಲ್ಸ್ ಅನ್ನೋಕೆ ಬಾಯಿ ಬರಲಿಲ್ಲ. ಗವರ್ನರ್ ಗೆದ್ರೂ ಸೋತ್ರೂ ನನಗೆ ಅಷ್ಟೊಂದು ಏನಿಲ್ಲ, ನಿಜ ಹೇಳಬೇಕಂದ್ರೆ. ನಾನು ಮೊದಲಿಂದ್ಲೂ ಆ ಮೂಲೇಲಿ ನಿಂತಿದ್ದು ನೀವು ಅಲ್ಲಿದ್ರಿ ಅಂತ."

ಇಷ್ಟು ಮಾತನ್ನು ಅವನು ಕಟಕಟೆಯ ಹೊರಗೆ ಎಂದೂ ಆಡಿರಲಿಲ್ಲ. ಆಡಿ ಮುಗಿಸಿ, ಮಣ ಭಾರದ ಮೂಟೆ ಇಳಿಸಿದವನಂತೆ ಉಸಿರು ಬಿಟ್ಟ. ರಾಗ್ನಾ ಏನಾದರೂ ಹೇಳಬೇಕೆಂದು ಬಾಯಿ ತೆರೆದಳು. ಈಗ ಅವಳ ಮಾತಿಗೇ ಬೀಗ ಬಿದ್ದಿತ್ತು.

ಒಳಗೆ ಗಂಟೆ ಬಾರಿಸಿದರು. ಅವನು ಏಳಲಿಲ್ಲ.

ಅವಳು ಅವನ ಮುಖವನ್ನೇ ನೋಡುತ್ತ ಕೈ ಎತ್ತಿದಳು. ತನ್ನ ಹಣೆಯ ಮೇಲಿನ ಕೂದಲನ್ನು, ನಿಧಾನವಾಗಿ, ಎರಡು ಬೆರಳಿನಲ್ಲಿ ಪಕ್ಕಕ್ಕೆ ಸರಿಸಿದಳು.

ಅವನ ಎಡಗಣ್ಣು ಕಿರಿದಾಯಿತು. "ಕೂದಲು ಬಿದ್ದಿತ್ತಾ?"

ಅವಳು ಇಲ್ಲವೆಂದು ತಲೆಯಾಡಿಸಿ, ಇನ್ನೊಮ್ಮೆ ಸರಿಸಿದಳು.

"ಒಂದು ಸಾರಿ," ಎಂದ ಅವನು. ಕೊಟ್ಟಿಗೆ ನಡುಗಿಸುವ ಧ್ವನಿ ಅವಳಿಗೊಬ್ಬಳಿಗೆ ಕೇಳುವಷ್ಟಾಗಿತ್ತು. "ಎರಡು ಸಾರಿ." ಅಲ್ಲಿಗೆ ನಿಂತ. ಬಲಗಣ್ಣೂ ಕಿರಿದಾಗಿತ್ತು, ಎರಡರಲ್ಲೂ ನೀರಿತ್ತು. "ಯೋಚನೆ ಮಾಡಿ ಹೇಳಿ. ಈ ಸಲ ನಾನು ರದ್ದು ಮಾಡಲ್ಲ."

ರಾಗ್ನಾ ಅವನ ಕೈಯಿಂದ ಪೇಪರ್ ತಟ್ಟೆ ತೆಗೆದು ಮೆಟ್ಟಿಲ ಮೇಲಿಟ್ಟಳು. ಖಾಲಿಯಾದ ಆ ಕೈಯಲ್ಲಿ ತನ್ನ ಕೈ ಇಟ್ಟಳು.

"ಮೂರನೇದು ಕೂಗು, ಲ್ಯಾಂಬರ್ಟ್," ಎಂದಳು.